ನಾವು ಕೊಳ್ಳಲಿದ್ದ ಫಿಯಾಟ್ ಗಾಡಿ

ಕಾರು ಕೊಳ್ಳಬೇಕೆಂಬ ಹುಚ್ಚು ನಮಗೆ ಹಿಡಿದದ್ದು ಎಂಟನೆಯ ಇಯತ್ತೆಯ ಪರೀಕ್ಷೆ ಮುಗಿದ ರಜೆಯಲ್ಲಿ, 1993ರ ಏಪ್ರಿಲ್ ತಿಂಗಳಲ್ಲಿ. ನಮ್ಮ ಅಪ್ಪಂದಿರ ತಿಂಗಳ ಪಗಾರ ಆಗ ಸಾವಿರ ರೂಪಾಯಿಯ ಆಚೆ ಈಚೆ ಇತ್ತು. ಮೂರೂ ಮನೆಗಳಲ್ಲಿ ಸೈಕಲ್ ಎಂಬುದು ಒಂದೇ ಒಂದು, ಅದಕ್ಕೂ ಬ್ರೇಕು ಇರಲಿಲ್ಲ. ಇಂಥವರು ಕಾರು ಕೊಳ್ಳಹೊರಟೆವೆಂದರೆ ವಾಚಕರು ನಗುವುದು ಸಹಜ. ನಗಬಹುದು, ನಮ್ಮ ಅಡ್ಡಿಯಿಲ್ಲ.

ನಾವು ಎಂದರೆ ಮೂವರು. ಒಬ್ಬನ ಊರು ಅಥಣಿಯ ಕಡೆ, ಒಬ್ಬನದು ಜತ್ತದ ಕಡೆ, ಇನ್ನೊಬ್ಬನದು ಜಮಖಂಡಿಯ ಕಡೆ. ಮಳೆಯಿಲ್ಲದ ಊರುಗಳನ್ನು ಬಿಟ್ಟು ಕೆಲಸ ಹುಡುಕಿಕೊಂಡು ಬಂದ ಮೂರು ಸಂಸಾರಗಳು ಕುಪವಾಡ ಎಂಐಡಿಸಿಯ ಅಂಚಿನಲ್ಲಿ, ತಗಡಿನ ಚಾಳಿನ ಒಂದೇ ಸಾಲಿನಲ್ಲಿ ನೆಲೆ ನಿಂತಿದ್ದವು. ಅಥಣಿಯ ಕಡೆಯವನೇ ಈಗ ಈ ಲೇಖನ ಬರೆಯುತ್ತಿರುವ ಮಾಸ್ತರ. ಆದರೆ ಕಥೆ ಒಬ್ಬನದಲ್ಲವಾದ್ದರಿಂದ 'ನಾವು' ಎಂದೇ ಬರೆದಿದೆ. ಮಿಕ್ಕ ಇಬ್ಬರ ಒಪ್ಪಿಗೆ ಕೇಳಿಯೇ ಬರೆದದ್ದು. ಹೆಸರು ಮಾತ್ರ ಹಾಕಬೇಡವೆಂದರು.

ಕುಪವಾಡವನ್ನು ನೋಡದ ವಿದ್ಯಾರ್ಥಿಗಳಿಗೆ ಎರಡು ಮಾತು. ಸಾಂಗಲಿ, ಮಿರಜ ಎಂಬ ಎರಡು ಊರುಗಳು ಕೃಷ್ಣಾ ನದಿಯ ಸೀಮೆಯಲ್ಲಿ ಅವಳಿ ಮಕ್ಕಳಂತೆ ಇವೆ. ಒಂದು ಅರಿಸಿನದ ಪೇಟೆಗೆ, ಇನ್ನೊಂದು ರೈಲ್ವೆ ಜಂಕ್ಷನ್ನಿಗೆ ಮತ್ತು ತಂಬೂರಿ, ಸಿತಾರಗಳಿಗೆ ಹೆಸರಾದವು. ಇವೆರಡರ ನೆರೆಯ ಹಳ್ಳಿ ಕುಪವಾಡ. ಮಹಾರಾಷ್ಟ್ರ ಸರಕಾರ 1962ರಲ್ಲಿ ಔದ್ಯೋಗಿಕ ವಿಕಾಸ ಮಹಾಮಂಡಳವನ್ನು, ಅಂದರೆ ಎಂಐಡಿಸಿಯನ್ನು ಸ್ಥಾಪಿಸಿದ ಮೇಲೆ ರಾಜ್ಯದ ತುಂಬ ಎದ್ದ ಕೈಗಾರಿಕಾ ವಸಾಹತುಗಳಲ್ಲಿ ಇಲ್ಲಿಯದೂ ಒಂದು. ಫೌಂಡ್ರಿಗಳು, ಲೇಥ್ ಯಂತ್ರದ ಶೆಡ್ಡುಗಳು, ಒಣದ್ರಾಕ್ಷಿ ಇಡುವ ಶೀತಗೃಹಗಳು ಅಲ್ಲಿ ಒತ್ತೊತ್ತಾಗಿದ್ದವು. 1998ರಲ್ಲಿ ಮೂರೂ ಊರು ಸೇರಿ ಒಂದೇ ಮಹಾನಗರಪಾಲಿಕೆ ಆಯಿತು. ನಮ್ಮ ಕಾಲಕ್ಕೆ ಇನ್ನೂ ಆಗಿರಲಿಲ್ಲ.

ನಾಲ್ಕನೆಯ ಇಯತ್ತೆಯವರೆಗೆ ನಾವು ಅಜ್ಜಿಯರ ಕೈಯಲ್ಲಿ ಬೆಳೆಯುತ್ತ ಊರಿನ ಕನ್ನಡ ಶಾಲೆಯಲ್ಲಿ ಕಲಿತವರು, ಐದರಿಂದ ಮುಂದೆ ಕುಪವಾಡದಲ್ಲಿ ಮರಾಠಿ ಶಾಲೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇದರಿಂದ ಒಂದು ಲಾಭವಾಯಿತು. ಅದನ್ನು ಮುಂದೆ ಹೇಳುತ್ತೇವೆ.

ಗಾಡಿ ನಿಂತಿದ್ದದ್ದು ನಮ್ಮ ಚಾಳಿನಿಂದ ಶಾಲೆಗೆ ಹೋಗುವ ಹಾದಿಯಲ್ಲಿ, ಒಂದು ಸಣ್ಣ ಇಂಜಿನಿಯರಿಂಗ್ ಶೆಡ್ಡಿನ ಹಿಂದೆ, ಬೇವಿನ ಮರದ ಕೆಳಗೆ. 1962ರ ಫಿಯಾಟ್. ಬಣ್ಣ ಒಂದಾನೊಂದು ಕಾಲಕ್ಕೆ ಬೂದು ಇದ್ದಿರಬೇಕು, ನಾವು ನೋಡುವಾಗ ಅರ್ಧ ಬೂದು, ಅರ್ಧ ಬೇವಿನ ಹೂವು. ನಾಲ್ಕು ಗಾಲಿಗಳಲ್ಲಿ ಎರಡು ನೆಲಕ್ಕೆ ಕುಳಿತಿದ್ದವು. ಮುಂದಿನ ಎರಡು ಬಾಗಿಲುಗಳು ಈಗಿನ ಕಾರುಗಳಂತಲ್ಲದೆ ಹಿಂದುಮುಂದಾಗಿ ತೆರೆಯುತ್ತಿದ್ದವು. ಕೀಲು ಹಿಂದೆ, ಹಿಡಿಕೆ ಮುಂದೆ. ಬಾಗಿಲು ತೆರೆದರೆ ಗಾಡಿ ಎರಡೂ ಕೈ ಚಾಚಿ 'ಬರ್ರಿ' ಎಂದು ಕರೆದಂತೆ ಕಾಣುತ್ತಿತ್ತು. ನಮ್ಮ ಹುಚ್ಚಿಗೆ ಆ ಬಾಗಿಲೇ ಮೂಲ ಎಂದರೂ ಸರಿ.

ಅದರ ಮಾಲೀಕರು ಎಪ್ಪತ್ತರ ವಯಸ್ಸಿನ ಮುದುಕರು, ಶೆಡ್ಡು ಕಟ್ಟಿದವರು. ವ್ಯವಹಾರವನ್ನೆಲ್ಲ ಮಗ ನೋಡುತ್ತಿದ್ದ, ಅವನ ಬಳಿ ಬಿಳಿಯ ಮಾರುತಿ 800 ಇತ್ತು. ಮುದುಕರು ದಿನವಿಡೀ ಬೇವಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂಡುವರು. ಅವರ ಮಾತು ಮರಾಠಿ. ನಾವು 'ಆಜೋಬಾ' ಎನ್ನುತ್ತಿದ್ದೆವು. ಒಂದು ದಿನ ಜತ್ತದವನು ಧೈರ್ಯ ಮಾಡಿ, "ಆಜೋಬಾ, ಇದನ್ನು ಮಾರುತ್ತೀರಾ?" ಎಂದು ಕೇಳಿಯೇಬಿಟ್ಟ. ಅವರು ನಗಲಿಲ್ಲ. ಅದೇ ನಮಗೆ ದೊಡ್ಡ ಗೌರವವಾಗಿ ಕಂಡಿತು. ಕನ್ನಡಕ ಒರೆಸಿಕೊಂಡು, "ಏಳು ಸಾವಿರ. ನಿಮಗಾದರೆ ಆರೂವರೆ. ಎರಡು ವರ್ಷ ಕಾಯುತ್ತೇನೆ, ಆಮೇಲೆ ಜೀವ ಇದ್ದರೆ ನೋಡೋಣ" ಎಂದರು.

ಆರು ಸಾವಿರದ ಐದುನೂರು! ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿದ್ದ ಬಂಡವಾಳ, ಮೂವರದೂ ಕೂಡಿ, ಹನ್ನೊಂದು ರೂಪಾಯಿ.

ಹಣ ಕೂಡಿಸುವ ದಾರಿ ತೋರಿಸಿದ್ದು ಫೌಂಡ್ರಿಯ ಉಸುಕು. ಎರಕ ಹೊಯ್ದ ಮೇಲೆ ಅಚ್ಚಿನ ಸುಟ್ಟ ಉಸುಕನ್ನು ಟ್ರ್ಯಾಕ್ಟರಿನಲ್ಲಿ ತಂದು ಬಯಲಿನಲ್ಲಿ ಸುರಿಯುತ್ತಿದ್ದರು. ಕಪ್ಪನೆಯ ದಿಬ್ಬಗಳು. ಎರಕದ ವೇಳೆ ಸಿಡಿದ ಕಬ್ಬಿಣದ ಹನಿಗಳು, ತುಣುಕುಗಳು ಅದರಲ್ಲಿ ಅಡಗಿರುತ್ತವೆ. ಕೆಟ್ಟುಹೋದ ಧ್ವನಿವರ್ಧಕದ ಅಯಸ್ಕಾಂತವನ್ನು ಇಪ್ಪತ್ತೈದು ರೂಪಾಯಿಗೆ ಸಾಲವಾಗಿ ತಂದು, ಹಗ್ಗ ಕಟ್ಟಿ, ದಿಬ್ಬದ ಮೇಲೆ ಎಳೆಯತೊಡಗಿದೆವು. ಎಳೆದಂತೆ ಅದಕ್ಕೆ ಗಡ್ಡ ಬೆಳೆಯುತ್ತಿತ್ತು. ಗಡ್ಡ ಬಿಡಿಸಿ ಚೀಲಕ್ಕೆ ಹಾಕುವುದು, ಮತ್ತೆ ಎಳೆಯುವುದು. ಮೂವರೂ ಮುಂಜಾನೆಯಿಂದ ಮಧ್ಯಾಹ್ನದ ತನಕ ಎಳೆದರೆ ಹನ್ನೆರಡರಿಂದ ಹದಿನೈದು ಕಿಲೋ ಆಗುವುದು. ಭಂಗಾರದ ಅಂಗಡಿಯವನು ಕಿಲೋಗೆ ಮೂರು ರೂಪಾಯಿ ಕೊಡುವನು, ಉಸುಕಿನ ಲೆಕ್ಕದಲ್ಲಿ ಒಂದೆರಡು ಕಿಲೋ ಮುರಿದುಕೊಳ್ಳುವನು. ಒಂದು ಭಾನುವಾರಕ್ಕೆ ಮೂವತ್ತೈದು, ನಾಲ್ವತ್ತು ರೂಪಾಯಿ. ಕೆಲವು ಭಾನುವಾರ ಉಸುಕು ಇನ್ನೂ ಬಿಸಿಯಾಗಿಯೇ ಇರುತ್ತಿತ್ತು. ಜಮಖಂಡಿಯವನ ಪಾದದ ಮೇಲಿನ ಕಲೆ ಇನ್ನೂ ಇದೆ. (ಪಾಲಕರು ಗಾಬರಿಯಾಗಬಾರದು. ಆ ದೂಳು ಪುಪ್ಪುಸಕ್ಕೆ ಕೆಟ್ಟದ್ದೆಂದು ಈಗ ಗೊತ್ತಿದೆ, ನಮ್ಮ ವಿದ್ಯಾರ್ಥಿ ಯಾವನಾದರೂ ಅಲ್ಲಿ ನಿಂತದ್ದು ಕಂಡರೆ ಕಿವಿ ಹಿಡಿದು ಎಳೆದುಕೊಂಡು ಬಂದೇವು. ಆಗ ನಮ್ಮ ಕಿವಿ ಹಿಡಿಯುವವರಿರಲಿಲ್ಲ.)

ಬೇಸಿಗೆಯಲ್ಲಿ ತಾಸಗಾವ ಸೀಮೆಯ ಒಣದ್ರಾಕ್ಷಿ ಶೆಡ್ಡುಗಳಿಗೆ ಬರುತ್ತಿತ್ತು. ಅಲ್ಲಿ ಹೆಂಗಸರ ನಡುವೆ ಕುಳಿತು ಹಸಿರು ಬೇರೆ, ಕಂದು ಬೇರೆ, ಕಡ್ಡಿ ಬೇರೆ ಎಂದು ಆರಿಸುವ ಕೆಲಸ, ದಿನಕ್ಕೆ ಹದಿನೈದು ರೂಪಾಯಿ. ತಿನ್ನಬಾರದೆಂಬ ಕರಾರು. ಮೊದಲ ಮೂರು ದಿನ ತಿಂದೆವು, ನಾಲ್ಕನೆಯ ದಿನದಿಂದ ವಾಸನೆ ಬಂದರೂ ಸಾಕೆನಿಸತೊಡಗಿತು. ಅಥಣಿಯವನು ಬೆಳಗಿನ ಪತ್ರಿಕೆ ಹಾಕುತ್ತಿದ್ದ. ಅದರ ದುಡ್ಡೂ ಇದೇ ಹುಂಡಿಗೆ.

ಲೆಕ್ಕ ಇಡಲು ಒಂದು ವಹಿ ಮಾಡಿದೆವು. ಮೊದಲು ಹೇಳಿದ ಲಾಭ ಇದೇ: ಲೆಕ್ಕವನ್ನೆಲ್ಲ ಕನ್ನಡದಲ್ಲಿ ಬರೆದೆವು. ವರ್ಗದಲ್ಲಿ ಡೆಸ್ಕಿನ ಮೇಲೆ ತೆರೆದಿಟ್ಟರೂ ಯಾರಿಗೂ ಅರ್ಥವಾಗುವಂತಿರಲಿಲ್ಲ. ಊರಿನ ಶಾಲೆ ಬಿಟ್ಟ ಮೇಲೆ ನಾವು ಕನ್ನಡ ಬರೆದದ್ದೇ ಇಲ್ಲ. ಒತ್ತಕ್ಷರಗಳು ಮರೆತುಹೋಗಿದ್ದವು, 'ರೂಪಾಯಿ'ಯನ್ನು ಮೂರು ಬಗೆಯಲ್ಲಿ ಬರೆದ ಪುಟಗಳಿವೆ. ಜತ್ತದವನ ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ, ಅವನೇ ನಮ್ಮ ಕಾರಕೂನ. ವಹಿಯ ಮೊದಲ ಪುಟದಲ್ಲಿ ಅವನ ಕೈಯಿಂದಲೇ ಬರೆಸಿದ ನಿಯಮ ಒಂದೇ ಒಂದು: "ಗಾಡಿ ಬರುವತನಕ ಯಾರೂ ಯಾವ ಕಾರಣಕ್ಕೂ ಹಣ ತೆಗೆಯತಕ್ಕದ್ದಲ್ಲ." ಕೆಳಗೆ ಮೂವರ ಸಹಿ. 'ತೆಗೆಯತಕ್ಕದ್ದಲ್ಲ' ಎಂಬ ಶಬ್ದ ಅವನಿಗೆ ಎಲ್ಲಿ ಸಿಕ್ಕಿತೋ!

ಹಣವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕುತ್ತಿದ್ದೆವು. ಹತ್ತು ವರ್ಷ ದಾಟಿದ ಮಕ್ಕಳು ಅಂಚೆಯಲ್ಲಿ ತಮ್ಮ ಹೆಸರಿನಲ್ಲೇ ಖಾತೆ ತೆಗೆದು ತಾವೇ ನಡೆಸಬಹುದು. ಈ ಸಂಗತಿ ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ಇಂದಿಗೂ ತಿಳಿದಿಲ್ಲ. ಖಾತೆ ಅಥಣಿಯವನ ಹೆಸರಿನಲ್ಲಿ, ಪಾಸ್‌ಬುಕ್ ಜಮಖಂಡಿಯವನ ಟ್ರಂಕಿನಲ್ಲಿ, ವಹಿ ಜತ್ತದವನ ದಪ್ತರದಲ್ಲಿ. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲವೆಂದಲ್ಲ. ದೊಡ್ಡವರು ಹೀಗೆ ಮಾಡುವರೆಂದು ಕೇಳಿದ್ದೆವು.

ಒಮ್ಮೆ ಮಾತ್ರ ನಿಯಮ ಸಡಿಲಾಯಿತು. 1993ರ ಸಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಶಾಲೆಯಲ್ಲಿ ನಿಧಿ ಕೂಡಿಸಿದರು. ಖಾತೆಯಲ್ಲಿ ಆಗ ಸಾವಿರದ ಮುನ್ನೂರರ ಹತ್ತಿರ ಇತ್ತು. ಮೂರು ದಿನ ಚರ್ಚೆ ಮಾಡಿ ಹದಿನೈದು ರೂಪಾಯಿ ಕೊಟ್ಟೆವು. ಹದಿನೈದು! ಅದನ್ನೂ ಖಾತೆಯಿಂದ ತೆಗೆಯದೆ, ಆ ವಾರದ ಕಬ್ಬಿಣದ ದುಡ್ಡಿನಲ್ಲಿ ಮುರಿದುಕೊಂಡೆವು. ವಹಿಯಲ್ಲಿ ಇದು 'ಇತರೆ ಖರ್ಚು' ಎಂದು ಬರೆದಿದೆ. ಈಗ ಆ ಸಾಲನ್ನು ಓದಲು ನಾಚಿಕೆಯಾಗುತ್ತದೆ.

ಗಾಡಿಯ ಬಗ್ಗೆ ಹೇಳಬೇಕಾದ್ದು ಬಹಳವಿದೆ, ಏಕೆಂದರೆ ಕೊಳ್ಳುವ ಮೊದಲೇ ನಾವು ಅದನ್ನು ಅರ್ಧ ಕೊಂಡಿದ್ದೆವು. ಭಾನುವಾರ ಸಂಜೆ ಅದನ್ನು ತೊಳೆಯುವುದು ನಮ್ಮ ಕೆಲಸ. ಪ್ರತಿಯಾಗಿ ಆಜೋಬಾ ಪಾಠ ಹೇಳುವರು. ಬಾನೆಟ್ಟಿನ ಕೆಳಗೆ ನಾಲ್ಕು ಸಿಲಿಂಡರಿನ, 1089 ಸಿ.ಸಿ. ಇಂಜಿನ್ನು. ನಾಲ್ಕೂ ಒಟ್ಟಿಗೆ ಉರಿಯುವುದಿಲ್ಲ, 1-3-4-2 ಎಂಬ ಕ್ರಮದಲ್ಲಿ ಸರದಿ ಕಾಯುತ್ತವೆ. ಕಿಡಿಯನ್ನು ಸರದಿಯಂತೆ ಹಂಚುವುದು ಡಿಸ್ಟ್ರಿಬ್ಯೂಟರ್. ಅದರ ಪಾಯಿಂಟುಗಳಿಗೆ ಮಸಿ ಹಿಡಿದರೆ ಕಿಡಿ ಹುಟ್ಟದು, ಸಣ್ಣ ಪಾಲೀಶ್ ಕಾಗದದಿಂದ ಉಜ್ಜಬೇಕು. ಗೇರು ಕಾಲ ಬಳಿ ಇಲ್ಲ, ಸ್ಟಿಯರಿಂಗಿನ ಪಕ್ಕಕ್ಕೆ ಕೋಲಿನಂತೆ ಇದೆ. ಅದರಿಂದಾಗಿ ಮುಂದಿನ ಸೀಟು ಬೆಂಚಿನಂತೆ ಒಂದೇ, ಮೂವರು ಸಾಲಾಗಿ ಕೂಡಬಹುದು. ನಾವೂ ಮೂವರೇ. ಇದಕ್ಕಿಂತ ಹೆಚ್ಚಿನ ಶಕುನ ಬೇಕೇ?

ಈ ಫಿಯಾಟನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದವರು ಪ್ರೀಮಿಯರ್ ಆಟೋಮೊಬೈಲ್ಸ್‌ನವರು. ಅದನ್ನು 1944ರಲ್ಲಿ ಸ್ಥಾಪಿಸಿದ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಸಾಂಗಲಿ–ಮಿರಜ ರಸ್ತೆಯ ವಿಶ್ರಾಮಬಾಗದ ಇಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರು. ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು 1940ರಲ್ಲಿ ಮೈಸೂರು ಸರಕಾರದ ಜೊತೆಗೂಡಿ ಆರಂಭಿಸಿದವರೂ ಅವರೇ. ಇಷ್ಟನ್ನೂ ನಮಗೆ ಹೇಳಿದ್ದು ಪಠ್ಯಪುಸ್ತಕವಲ್ಲ, ಆಜೋಬಾ. ಆ ಕಾಲದಲ್ಲಿ ಹಣ ಇದ್ದರೂ ಕಾರು ಸಿಗುತ್ತಿರಲಿಲ್ಲವಂತೆ. ದೇಶದಲ್ಲಿ ಕಾರು ಮಾಡುವ ಕಂಪನಿಗಳು ಮೂರೇ, ಹೊರಗಿನಿಂದ ತರಿಸಲು ಅಪ್ಪಣೆ ಇಲ್ಲ. ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. "ನೀವು ಎರಡು ವರ್ಷ ಕಾಯುವುದೇನು ದೊಡ್ಡದು?" ಎಂದು ಅವರು ನಗುತ್ತಿದ್ದರು. ಇದೇ ಗಾಡಿ ಮುಂದೆ ರೂಪ ಬದಲಿಸಿಕೊಂಡು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಮುಂಬಯಿಯ ಕಪ್ಪು–ಹಳದಿ ಟ್ಯಾಕ್ಸಿ ಎಂದರೆ ಸಿನೆಮಾಗಳಲ್ಲಿ ನೀವು ನೋಡಿರುವುದು ಅದೇ.

1994ರ ದಸರೆಗೆ ಆಜೋಬಾ ಗಾಡಿಯ ಪೂಜೆ ಇಟ್ಟುಕೊಂಡರು. ಟ್ರ್ಯಾಕ್ಟರೊಂದರ ಬ್ಯಾಟರಿ ತರಿಸಿ, ಶೀಶೆಯಲ್ಲಿ ಪೆಟ್ರೋಲು ತರಿಸಿ, ನಮ್ಮ ಕೈಯಿಂದಲೇ ಪ್ಲಗ್ಗುಗಳನ್ನು ಬಿಚ್ಚಿಸಿ ಒರೆಸಿಸಿದರು. ಚೋಕು ಎಳೆದು ಚಾವಿ ತಿರುವಿದರು. ಮೊದಲು ಕೆಮ್ಮಿತು. ಮತ್ತೆ ಕೆಮ್ಮಿತು. ಐದನೆಯ ಸಲಕ್ಕೆ ಹಿಂದಿನಿಂದ ಕರಿ ಹೊಗೆ ಹಾರಿ, ಬೇವಿನ ಮರದ ಕಾಗೆಗಳೆಲ್ಲ ಎದ್ದು, ಇಂಜಿನ್ನು ಹತ್ತಿಕೊಂಡಿತು. ನಾವು ಮೂವರೂ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತೆವು. ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಹಲ್ಲಿಗೆ ನಡುಕ ಏರಿತು. ನಾಲ್ಕೈದು ನಿಮಿಷ ಅಷ್ಟೇ, ರೇಡಿಯೇಟರಿನಿಂದ ನೀರು ಸೋರತೊಡಗಿದ್ದರಿಂದ ಆಜೋಬಾ ನಿಲ್ಲಿಸಿಬಿಟ್ಟರು. ಬನ್ನಿ ಕೊಟ್ಟು ಕಾಲು ಮುಟ್ಟಿದೆವು. ಅವರ ಕಣ್ಣು ಒದ್ದೆಯಾಗಿತ್ತು. ಹೊಗೆಗೆ ಎಂದರು.

ಈ ಗಾಡಿಯಲ್ಲಿ ಎಲ್ಲಿಗೆ ಹೋಗುವುದೆಂಬುದೂ ನಿಶ್ಚಯವಾಗಿತ್ತು. ಮಿರಜದಿಂದ ಮ್ಹೈಸಾಳದ ಮೇಲೆ ಹಾದು, ಕಾಗವಾಡದಲ್ಲಿ ಕರ್ನಾಟಕ ಹೊಕ್ಕು, ಅಥಣಿಗೆ. ಅಲ್ಲಿಂದ ಹಿಂದಿರುಗಿ ಜತ್ತಕ್ಕೆ. ಜಾತ್ರೆಯ ದಿನವೇ ಹೋಗಿ, ಗುಡಿಯ ಮುಂದೆ ಹಿಂದುಮುಂದಿನ ಬಾಗಿಲು ತೆರೆದು, ಅಜ್ಜಿಯರನ್ನು ಇಳಿಸಬೇಕು. ಒಂದು ದಿನ ಅಥಣಿಯವನು ಲೆಕ್ಕ ಹಾಕಿ ನೋಡಿದ. ಅಥಣಿಗೆ ಹೋಗಿ ಬರಲು ನೂರು ಕಿಲೋಮೀಟರಿನ ಮೇಲೆ. ಲೀಟರಿಗೆ ಹನ್ನೆರಡು ಕಿಲೋಮೀಟರ್ ಎಂದು ಹಿಡಿದರೂ ಒಂಬತ್ತು ಲೀಟರ್ ಬೇಕು. ಪೆಟ್ರೋಲು ಲೀಟರಿಗೆ ಇಪ್ಪತ್ತು ರೂಪಾಯಿಯ ಸುಮಾರು. ಅಂದರೆ ಒಂದು ಸಲ ಊರಿಗೆ ಹೋಗಿಬರಲು ಐದು ಭಾನುವಾರದ ಕಬ್ಬಿಣ ಸುಡಬೇಕು! ಟಯರು, ಬ್ಯಾಟರಿ, ವಿಮೆ, ತೆರಿಗೆಗಳ ಮಾತು ಬೇರೆ. ಇದನ್ನು ಕೇಳಿದ ಮೇಲೆ ಒಂದು ವಾರ ನಾವು ಆ ಮಾತು ಎತ್ತಲಿಲ್ಲ. ಲೆಕ್ಕದ ಪುಟವನ್ನು ಹರಿದೆವು.

ಇನ್ನೊಂದು ತೊಡಕನ್ನು ಆಜೋಬಾ ತೋರಿಸಿದರು. ಗಾಡಿ ಯಾರ ಹೆಸರಿಗೆ? ನಾವು ಹದಿನೈದು–ಹದಿನಾರರ ಹುಡುಗರು. ಹದಿನೆಂಟು ತುಂಬದೆ ಕಾರಿನ ಲೈಸೆನ್ಸು ಇಲ್ಲ, ಅಪ್ರಾಪ್ತನ ಹೆಸರಿಗೆ ಗಾಡಿ ನೋಂದಾಯಿಸಿದರೂ ಕಾನೂನಿನ ಕಣ್ಣಿಗೆ ಮಾಲೀಕ ಅವನ ಪಾಲಕನೇ. (2019ರ ತಿದ್ದುಪಡಿಯ ಮೇಲೆ ಇದು ಇನ್ನೂ ಬಿಗಿಯಾಗಿದೆ. ಅಪ್ರಾಪ್ತ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ ಆಗಬಹುದು. ಬೈಕಿನ ಚಾವಿ ಮಗನ ಕೈಗೆ ಕೊಡುವ ಪಾಲಕರು ಇದನ್ನು ಎರಡು ಸಲ ಓದಬೇಕು.) ಹೀಗಾಗಿ ಅಪ್ಪಂದಿರಿಗೆ ಹೇಳದೆ ಗತಿಯಿರಲಿಲ್ಲ. ಯಾರ ಅಪ್ಪನಿಗೆ ಮೊದಲು ಹೇಳುವುದು ಎಂಬ ವಾದದಲ್ಲೇ ದೀಪಾವಳಿ ಕಳೆಯಿತು.

1995ರ ಜನವರಿಗೆ ಪಾಸ್‌ಬುಕ್ಕಿನಲ್ಲಿ 5,460 ರೂಪಾಯಿ ಇತ್ತು. ಒಬ್ಬೊಬ್ಬರ ಪಾಲು 1,820. ಇನ್ನು ಸಾವಿರದ ನಾಲ್ವತ್ತು ಕೂಡಿದರೆ ತೀರಿತು. ಮಾರ್ಚಿನಲ್ಲಿ ಹತ್ತನೆಯ ಇಯತ್ತೆಯ ಪರೀಕ್ಷೆ, ಅದು ಮುಗಿದೊಡನೆ ಒಣದ್ರಾಕ್ಷಿ ಶೆಡ್ಡು, ಮೇ ತಿಂಗಳಿಗೆ ಗಾಡಿ.

ಆ ಜನವರಿಯಲ್ಲಿ ಜತ್ತದವನ ಅಪ್ಪನ ಬಲಗೈಯ ಎರಡು ಬೆರಳು ಪ್ರೆಸ್ ಯಂತ್ರದಲ್ಲಿ ಹೋದವು. ರಾತ್ರಿ ಪಾಳಿ. ಗುತ್ತಿಗೆದಾರನ ಕೈಕೆಳಗಿನ ಕೆಲಸವಾದ್ದರಿಂದ ಇ.ಎಸ್.ಐ. ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ಗುತ್ತಿಗೆದಾರನು ಮೊದಲ ದಿನದ ಔಷಧಕ್ಕೆ ಇನ್ನೂರು ರೂಪಾಯಿ ಕೊಟ್ಟು ಕೈ ತೊಳೆದುಕೊಂಡ. ಆಸ್ಪತ್ರೆಯ ಬಿಲ್ಲು, ಮನೆ ಬಾಡಿಗೆ, ಕಿರಾಣಿ ಅಂಗಡಿಯ ಉದ್ರಿ ಎಲ್ಲವೂ ಒಟ್ಟಿಗೆ ಬಂದು ಬಾಗಿಲಿಗೆ ನಿಂತವು.

ಐದನೆಯ ದಿನ ಜತ್ತದವನು ನಮ್ಮ ಬಳಿ ಬಂದು, "ನನ್ನ ಪಾಲು ಕೊಡ್ರಿಲೇ, ಅವ್ವ ಅಳಾಕತ್ತಾಳ" ಎಂದ.

ಇಲ್ಲಿಂದ ಮುಂದೆ ಕೆಲವು ದಿನ 'ನಾವು' ಎಂದರೆ ಇಬ್ಬರೇ ಎಂದು ಓದಿಕೊಳ್ಳಬೇಕು.

ನಾವು ಕೊಡಲಿಲ್ಲ. ಇಲ್ಲ ಎಂದು ನೇರವಾಗಿ ಹೇಳುವ ಧೈರ್ಯವೂ ಇರಲಿಲ್ಲ. ಅಂಚೆ ಕಚೇರಿ ನಾಳೆ ಸೂಟಿ ಎಂದೆವು. ಪರೀಕ್ಷೆ ಮುಗಿಯಲಿ, ಗಾಡಿ ಕೊಂಡು ಮರುವಾರವೇ ಎಂಟು ಸಾವಿರಕ್ಕೆ ಮಾರಿ ನಿನಗೇ ಹೆಚ್ಚು ಕೊಡುತ್ತೇವೆ ಎಂದೆವು. ಅವನು ಮತ್ತೆ ಬಂದ. ಆಗ ಜಮಖಂಡಿಯವನು ವಹಿಯ ಮೊದಲ ಪುಟ ತೆರೆದು ತೋರಿಸಿದ. ಯಾವ ಕಾರಣಕ್ಕೂ ಹಣ ತೆಗೆಯತಕ್ಕದ್ದಲ್ಲ. ಅಥಣಿಯವನು ಪಕ್ಕದಲ್ಲಿ ನಿಂತು, "ನೀನ ಬರದದ್ದಲ್ಲೋ" ಎಂದ. ಅವನು ತನ್ನ ಅಕ್ಷರವನ್ನೇ ಸ್ವಲ್ಪ ಹೊತ್ತು ನೋಡಿ, ಹೌದು ಎಂದು ಹೋದ. ಆಮೇಲೆ ಕೇಳಲು ಬರಲಿಲ್ಲ.

ಹೀಗೆ ಒಂಬತ್ತು ದಿನ ಕಳೆದವು. ಆ ಒಂಬತ್ತು ದಿನವೂ ನಾವು ಶಾಲೆಗೆ ಹೋಗುವಾಗ ಬೇವಿನ ಮರದ ಹಾದಿ ಹಿಡಿಯಲಿಲ್ಲ, ಸುತ್ತು ಹಾಕಿ ಹೋದೆವು. ಯಾಕೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಲೂ ಇಲ್ಲ. ಜತ್ತದವನ ಜಾಗ ವರ್ಗದಲ್ಲಿ ಖಾಲಿ ಇತ್ತು. ಅಪ್ಪನ ಆರೈಕೆಗೆ ಮನೆಯಲ್ಲಿರಬೇಕು ಎಂದುಕೊಂಡೆವು.

ಹತ್ತನೆಯ ದಿನ ಅಥಣಿಯವನ ಅಪ್ಪ ರಾತ್ರಿ ಊಟಕ್ಕೆ ಕುಳಿತಾಗ ಹೇಳಿದರು: "ಆ ಜತ್ತದವರ ಹುಡುಗ ನಮ್ಮ ಮಗ್ಗಲ ಶೆಡ್ಡಿನ್ಯಾಗ ಕಾಣಸ್ತಾನ. ಅಪ್ಪನ ಬದಲಿ ನಿಂತಾನಂತ. ಅದ ಪ್ರೆಸ್ಸು." ತುತ್ತು ಗಂಟಲಲ್ಲಿ ನಿಂತಿತು. ಎಲ್ಲವನ್ನೂ ಹೇಳಿಬಿಟ್ಟ: ಉಸುಕು, ಪಾಸ್‌ಬುಕ್ಕು, ಫಿಯಾಟು, ವಹಿಯ ಪುಟ. ಅಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದು, "ಐದ ಸಾವಿರ ರೂಪಾಯಿ ಇಟಗೊಂಡು ಸುಮ್ಮ ಇದ್ರಿ?" ಎಂದು ಒಂದೇ ಮಾತು ಕೇಳಿ ಹೊರಗೆ ಹೋಗಿ ಕುಳಿತರು. ಎಷ್ಟು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಅಂಚೆ ಕಚೇರಿ ತೆರೆಯುವ ಮೊದಲೇ ಹೋಗಿ ನಿಂತೆವು. ಮೂರು ಸಾವಿರ ತೆಗೆದೆವು. ಅವನ ಪಾಲಿಗಿಂತ ಹೆಚ್ಚು ಕೊಟ್ಟರೆ ತಪ್ಪು ತೀರುತ್ತದೆಂದು ಎಣಿಸಿದ್ದೆವು. ಅವನ ಅವ್ವ, ನಮ್ಮ ಕಾಕು, ನೋಟುಗಳನ್ನು ಸೆರಗಿನಲ್ಲಿ ಹಾಕಿಕೊಂಡು ನಿಧಾನವಾಗಿ ಎಣಿಸಿದಳು. "ಅಂವನ ಪಾಲು ಎಷ್ಟ ತಮ್ಮಾ?" ಎಂದಳು. ಹೇಳಿದೆವು. ಸಾವಿರದ ಎಂಟುನೂರಾ ಇಪ್ಪತ್ತು ಇಟ್ಟುಕೊಂಡು, ಮಿಕ್ಕ ಸಾವಿರದ ನೂರಾ ಎಂಬತ್ತನ್ನು ನಮ್ಮ ಕೈಗೆ ತಿರುಗಿ ಕೊಟ್ಟಳು. "ನಿಮ್ಮದು ನಿಮಗಿರ್ಲಿ. ನಿಮ್ಮ ಗಾಡಿ ಬರ್ಲಿ." ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಚಹಾ ಕುಡಿದೇ ಹೋಗಬೇಕೆಂದಳು. ಆ ಚಹಾ ಕುಡಿದು ಮುಗಿಸಿದ್ದು ನಮ್ಮ ಜೀವಮಾನದ ಕಷ್ಟದ ಕೆಲಸಗಳಲ್ಲಿ ಒಂದು.

ಆದರೆ ಅವನು ಶಾಲೆಗೆ ಬರಲಿಲ್ಲ. ಒಂಬತ್ತು ದಿನ ಮೊದಲು ಕೊಟ್ಟಿದ್ದರೆ ಬರುತ್ತಿದ್ದನೇ? ಹೇಳಲಾಗದು. ಅಪ್ಪನ ಗಾಯ ಒಣಗಲು ಮೂರು ತಿಂಗಳು ಹಿಡಿಯಿತು, 1,820 ರೂಪಾಯಿ ಮೂರು ತಿಂಗಳು ಬರುವ ಮೊತ್ತವಲ್ಲ. ಜಮಖಂಡಿಯವನು ಇಂದಿಗೂ ಈ ವಾದ ಹೂಡುತ್ತಾನೆ. ಅಥಣಿಯವನಿಗೆ ಈ ವಾದ ಒಪ್ಪಿಗೆಯಿಲ್ಲ. ಪರೀಕ್ಷೆಗೆ ಉಳಿದಿದ್ದದ್ದು ಆರೇಳು ವಾರ, ಆ ಆರೇಳು ವಾರವನ್ನು ದಾಟಿಸಲು ಅಷ್ಟು ಹಣ ಸಾಕಾಗುತ್ತಿತ್ತೆಂದು ಅವನ ಲೆಕ್ಕ. ಹಾಲ್ ಟಿಕೆಟ್ ಬಂದಿತ್ತು, ನಾವೇ ಒಯ್ದುಕೊಟ್ಟೆವು. ಪ್ರೆಸ್ಸಿನ ಎಣ್ಣೆಗೈಯಲ್ಲಿ ಹಿಡಿದು ನೋಡಿ, ಮಡಿಚಿ ಕಿಸೆಯಲ್ಲಿಟ್ಟುಕೊಂಡ. ಮುಂದೆ ಎರಡು ಸಲ, ಹೊರಗಿನಿಂದ ಪರೀಕ್ಷೆಗೆ ಕೂಡುವವರ ಹದಿನೇಳನೆಯ ನಂಬರಿನ ಅರ್ಜಿಯನ್ನೂ ತಂದುಕೊಟ್ಟೆವು. ತುಂಬಲಿಲ್ಲ. "ಈಗ ಪಗಾರ ಹತ್ಯದಲ್ಲ" ಎಂದ.

ಗಾಡಿಯ ಕಥೆ ಬೇಗ ಮುಗಿಯುತ್ತದೆ. ನಾವು ಇಬ್ಬರೂ ಪರೀಕ್ಷೆ ಬರೆದು ಒಣದ್ರಾಕ್ಷಿ ಶೆಡ್ಡಿಗೆ ಹೋಗಲಿಲ್ಲ. ಆಜೋಬಾ ಬೇಸಿಗೆಯಲ್ಲಿ ಪುಣೆಯ ಮಗಳ ಮನೆಗೆ ಹೋದರು, ಆರಾಮಿಲ್ಲದೆ ಅಲ್ಲಿಯೇ ಉಳಿದರು. ಜೂನಿನ ಮೊದಲ ಮಳೆಗೆ ಅವರ ಮಗ ಜಾಗ ಖಾಲಿ ಮಾಡಿಸಿದ. ನಮ್ಮ ಕಬ್ಬಿಣ ಕೊಳ್ಳುತ್ತಿದ್ದ ಭಂಗಾರದವನೇ ಬಂದ. ಗ್ಯಾಸ್ ಕಟ್ಟರಿನಿಂದ ಬಾಗಿಲುಗಳನ್ನು ಮೊದಲು ಕತ್ತರಿಸಿದರು. ತೂಕಕ್ಕೆ ಹಾಕುವಾಗ ನಾವು ರಸ್ತೆಯ ಆಚೆ ನಿಂತಿದ್ದೆವು. ಜತ್ತದವನೂ ಪಾಳಿ ಮುಗಿಸಿ ಬಂದು ಪಕ್ಕದಲ್ಲಿ ನಿಂತ. "ಕಿಲೋಕ್ಕ ಎಷ್ಟ ಕೊಟ್ಟಾನಂತ?" ಎಂದು ಕೇಳಿದ. ಗೊತ್ತಿಲ್ಲವೆಂದೆವು. ಜನವರಿಯ ಮೇಲೆ ಮೂವರೂ ಒಟ್ಟಿಗೆ ನಿಂತದ್ದು ಅದೇ ಮೊದಲು.

ಆ ಗಾಡಿ ಉಳಿದಿದ್ದರೆ ಈಗ ಅರವತ್ತರ ಆಚೆಯದು. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂತು. ಹೊಸದಾಗಿ ನೋಂದಾಯಿಸುವ ಶುಲ್ಕವೇ 20,000 ರೂಪಾಯಿ. ಅಂದರೆ ನಮ್ಮ ಗಾಡಿಯ ಬೆಲೆಯ ಮೂರು ಪಟ್ಟು. ಆಜೋಬಾ ಇದ್ದಿದ್ದರೆ ಈ ಸುದ್ದಿ ಕೇಳಿ ಬಹಳ ನಗುತ್ತಿದ್ದರು.

ಉಳಿದ ಹಣ ಅಥಣಿಯವನ ಕಾಲೇಜಿಗೂ ಜಮಖಂಡಿಯವನ ಐ.ಟಿ.ಐ.ಗೂ ಹೋಯಿತು. ಹೀಗೆ ನೋಡಿದರೆ ಮಾಸ್ತರನಾದವನು ಆ ಫಿಯಾಟಿನ ಒಂದು ಬಾಗಿಲು ತಿಂದೇ ಮಾಸ್ತರನಾದದ್ದು. ಜತ್ತದವನು ಪ್ರೆಸ್ಸು ಬಿಟ್ಟು ಲೇಥಿಗೆ ಬಂದು, ನೋಡಿ ನೋಡಿಯೇ ಕಲಿತು, ಈಗ ಅದೇ ಎಂಐಡಿಸಿಯಲ್ಲಿ ಬಾಡಿಗೆ ಶೆಡ್ಡಿನಲ್ಲಿ ಸ್ವಂತ ಎರಡು ಲೇಥ್ ಇಟ್ಟುಕೊಂಡಿದ್ದಾನೆ. ಅವನ ಬಳಿ ಕೆಲಸ ಮಾಡುವ ನಾಲ್ವರ ಹೆಸರೂ ಇ.ಎಸ್.ಐ. ಪುಸ್ತಕದಲ್ಲಿವೆ. ಇದನ್ನು ಅವನು ಹೇಳಲಿಲ್ಲ, ಅವನ ಕೆಲಸಗಾರನೊಬ್ಬ ಹೇಳಿದ. ಶೆಡ್ಡಿನ ಗೋಡೆಯ ಮೇಲಿನ ಲೆಕ್ಕವೆಲ್ಲ ಈಗಲೂ ಕನ್ನಡದಲ್ಲಿದೆ. ಅದೇ ಮುತ್ತಿನಂಥ ಅಕ್ಷರ.

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಹೋದವು. ಕೊನೆಯದು ನೋಂದಣಿಯಾಗಿ ಇಪ್ಪತ್ತು ವರ್ಷ ತುಂಬಿತ್ತು, ಅಲ್ಲಿ ಟ್ಯಾಕ್ಸಿಗೆ ಅಷ್ಟೇ ಆಯುಷ್ಯ. ಪತ್ರಿಕೆಯಲ್ಲಿ ಚಿತ್ರ ಬಂದ ದಿನ ಸಂಜೆ ಜತ್ತದವನ ಫೋನು ಬಂತು.

"ನೋಡಿದ್ಯಾ ಮಾಸ್ತರ?"

ನೋಡಿದೆ ಎಂದ ಮಾಸ್ತರ. ಅದೂ ಇದೂ ಮಾತಾಯಿತು. ವಹಿ ಇನ್ನೂ ತನ್ನ ಕಡೆಯೇ ಇದೆಯೆಂದ. ಪಾಸ್‌ಬುಕ್ಕಿನಲ್ಲಿ ಖಾತೆ ಮುಚ್ಚದಿರಲೆಂದು ಬಿಟ್ಟ ಇಪ್ಪತ್ತು ರೂಪಾಯಿ ಇನ್ನೂ ಇದೆಯೆಂದು ನಾವು ಹೇಳಿದೆವು.

"ಅದು ನಿಮ್ಮದು. ನನ್ನ ಅಸಲ ನಂಗ ಮುಟ್ಟೇತಿ" ಎಂದ. ಆಮೇಲೆ, "ಆ ಒಂಬತ್ತ ದಿನದ ಬಡ್ಡಿ ಅಷ್ಟ ಬಾಕಿ ಐತಿ ನೋಡು."

ನಕ್ಕ. ನಾವೂ ನಕ್ಕೆವು. ನಗು ನಿಂತ ಮೇಲೆ ಇಬ್ಬರಿಗೂ ಮಾತು ಹೊಳೆಯಲಿಲ್ಲ. ಫೋನಿನಲ್ಲಿ ಲೇಥು ತಿರುಗುವ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು.